1904ರ ಸೈಕಲ್ ಚೈನ್

ನಮ್ಮ ಮನೆಯ ಮೀಡಿಯಾ ಸರ್ವರ್‌ನಲ್ಲಿ 47 ಸೆಕೆಂಡಿನ ಒಂದು ವಿಡಿಯೊ ಇದೆ. ಅಪ್ಪ ಕುಕ್ಕರಗಾಲಲ್ಲಿ ಕೂತು ನನ್ನ ಮಗಳ ಸೈಕಲ್ಲಿಗೆ ಚೈನ್ ಹಾಕುತ್ತಿದ್ದಾರೆ. ಬೆರಳಿಗೆಲ್ಲ ಗ್ರೀಸ್ ಮೆತ್ತಿಕೊಂಡಿದೆ. "ಪೆಡಲ್ ಹಿಂದಕ್ಕೆ ತಿರುಗ್ಸು ಪುಟ್ಟಿ, ನಿಧಾನ" ಅಂತಾರೆ. ಅವಳು ತಿರುಗಿಸುತ್ತಾಳೆ. ಚೈನ್ ಟಕ್ ಅಂತ ಹಲ್ಲಿಗೆ ಕೂರುತ್ತದೆ. ಅಷ್ಟೇ ವಿಡಿಯೊ. ಇದನ್ನು ಯಾವತ್ತು ತೆಗೆದದ್ದು ಅಂತ ನೋಡಲು ಫೈಲಿನ ಒಳಗಿನ ವಿವರ ತೋರಿಸುವ ಪ್ರೋಗ್ರಾಂಗೆ ಕೊಟ್ಟೆ. ಅದು ತೋರಿಸಿದ ದಿನಾಂಕ 1904ನೇ ಇಸವಿ, ಜನವರಿ 1.

ಹಾಗೇಕೆ ತೋರಿಸಿತು ಅನ್ನೋದನ್ನು ಆಮೇಲೆ ಹೇಳುತ್ತೇನೆ. ಅದಕ್ಕೂ ಮೊದಲು ಈ ವಿಡಿಯೊ ಹೆಚ್ಚುಕಡಿಮೆ ಕಳೆದೇ ಹೋಗಿದ್ದ ಕಥೆ ಹೇಳಬೇಕು. ಅದನ್ನು ಯಾರೂ ಡಿಲೀಟ್ ಮಾಡಿರಲಿಲ್ಲ. ಡಿಸ್ಕ್‌ನಲ್ಲಿ ಭದ್ರವಾಗಿಯೇ ಇತ್ತು. ಆದರೆ ಸಾವಿರಾರು ಫೈಲುಗಳ ನಡುವೆ ಎಲ್ಲಿದೆ ಅಂತ ಹೇಳುವವರು ಯಾರೂ ಇರಲಿಲ್ಲ.

ಆರು ವರ್ಷದಿಂದ ಮನೆಯಲ್ಲಿ ಮೀಡಿಯಾ ಸರ್ವರ್ ನಡೆಸುತ್ತಿದ್ದೇನೆ. ಒಂದು ಹಳೇ ಕಂಪ್ಯೂಟರ್, ಒಳಗೆ ನಾಲ್ಕು ಹಾರ್ಡ್ ಡಿಸ್ಕ್, ಮೇಲೆ ಜೆಲ್ಲಿಫಿನ್ ಅನ್ನೋ ಪ್ರೋಗ್ರಾಂ; ಡಿಸ್ಕ್‌ನಲ್ಲಿರುವ ವಿಡಿಯೊಗಳನ್ನು ಮನೆಯ ಟಿವಿಗಳಿಗೆ ತಲುಪಿಸುವುದು ಅದರ ಕೆಲಸ. ಕೊಂಡ ಡಿಸ್ಕ್‌ಗಳಿಂದ ತೆಗೆದಿಟ್ಟ ಸಿನಿಮಾಗಳು, ಸಾಕ್ಷ್ಯಚಿತ್ರಗಳು, ಫೋನು-ಕ್ಯಾಮೆರಾದಲ್ಲಿ ನಾವೇ ತೆಗೆದ 4ಕೆ ವಿಡಿಯೊಗಳು ಎಲ್ಲ ಅಲ್ಲಿವೆ. ಮೊದಲೆಲ್ಲ ಜೋಡಿಸುವ ಕೆಲಸವನ್ನು ಸರ್ವರಿನ ಪರದೆಯ ಮೇಲೇ ಮಾಡುತ್ತಿದ್ದೆ. ಫೈಲಿನ ಹೆಸರು ಐಎಂಜಿ_4471 ಅಂತಿದ್ದರೆ ಇರಲಿ ಬಿಡು, ಎಡಿಟ್ ಒತ್ತಿ ಚೆಂದದ ಹೆಸರು ಕೊಟ್ಟರಾಯಿತು. ಪೋಸ್ಟರ್ ಹಾಕಿದರಾಯಿತು. ಬೇಕಾದವನ್ನು ಒಟ್ಟುಗೂಡಿಸಿ ಕಲೆಕ್ಷನ್ ಮಾಡಿದರಾಯಿತು. ಟಿವಿಯಲ್ಲಿ ನೋಡುವಾಗ ಎಲ್ಲ ಅಚ್ಚುಕಟ್ಟು.

ಒಂದು ದಿನ ಸರ್ವರ್ ಪ್ರೋಗ್ರಾಂ ಇದ್ದ ಪ್ರತ್ಯೇಕ ಡಿಸ್ಕ್, ಅಂದರೆ ಎಸ್‌ಎಸ್‌ಡಿ, ಕೈಕೊಟ್ಟಿತು. ವಿಡಿಯೊ ಇದ್ದ ಡಿಸ್ಕ್‌ಗಳಿಗೆ ಏನೂ ಆಗಲಿಲ್ಲ. ಹೊಸ ಎಸ್‌ಎಸ್‌ಡಿ ಹಾಕಿ, ಸರ್ವರ್ ಇನ್‌ಸ್ಟಾಲ್ ಮಾಡಿ, ಲೈಬ್ರರಿ ಸ್ಕ್ಯಾನ್‌ಗೆ ಬಿಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ಪರದೆ ತುಂಬ ಐಎಂಜಿ, ಎಂವಿಐ, ವಿಐಡಿ, ಅದರ ಮುಂದೆ ನಂಬರು. ನಾನು ಕೊಟ್ಟ ಒಂದು ಹೆಸರೂ ಇಲ್ಲ. ಯಾಕೆಂದರೆ ಆ ಹೆಸರುಗಳು ವಿಡಿಯೊ ಫೈಲಿನಲ್ಲಿ ಇರಲೇ ಇಲ್ಲ. ಸರ್ವರಿನ ಡೇಟಾಬೇಸಿನಲ್ಲಿದ್ದವು, ಡೇಟಾಬೇಸ್ ಸತ್ತ ಎಸ್‌ಎಸ್‌ಡಿಯಲ್ಲಿತ್ತು. ಅದಕ್ಕೊಂದು ಬ್ಯಾಕಪ್ ಇಡಬೇಕು ಅಂತ ನನಗೆ ಹೊಳೆದೇ ಇರಲಿಲ್ಲ.

ಅವತ್ತು ಕೂತು ಯೋಚಿಸಿದ್ದು ಇಷ್ಟು. ಸರ್ವರ್ ಪ್ರೋಗ್ರಾಂ ಅನ್ನೋದು ಕಿಟಕಿ ಇದ್ದಂತೆ. ಕಿಟಕಿ ಬದಲಾಗುತ್ತದೆ. ಕೋಡಿ ಅನ್ನೋ ಇಂಥದ್ದೇ ಪ್ರೋಗ್ರಾಂ ಮೊದಲು ಎಕ್ಸ್‌ಬಿಎಂಸಿ ಆಗಿತ್ತು, 2014ರಲ್ಲಿ ಹೆಸರು ಬದಲಾಯಿತು. ಪ್ಲೆಕ್ಸ್ ಅನ್ನೋ ಇನ್ನೊಂದು ಹುಟ್ಟಿದ್ದೂ ಅದೇ ಎಕ್ಸ್‌ಬಿಎಂಸಿಯಿಂದ ಕವಲೊಡೆದು. ನಾನು ಬಳಸುವ ಜೆಲ್ಲಿಫಿನ್ 2018ರ ಡಿಸೆಂಬರಿನಲ್ಲಿ ಎಂಬಿ ಅನ್ನೋ ಇನ್ನೊಂದು ಸರ್ವರಿನಿಂದ ಬೇರೆಯಾಗಿ ಬಂದದ್ದು. ಇನ್ನು ಹತ್ತು ವರ್ಷಕ್ಕೆ ಯಾವುದಿರುತ್ತದೋ, ನಾನು ಯಾವುದಕ್ಕೆ ಹೋಗಿರುತ್ತೇನೋ. ಫೋಲ್ಡರು, ಫೈಲಿನ ಹೆಸರು ಮಾತ್ರ ಎಲ್ಲ ಕಡೆ ನನ್ನ ಜೊತೆ ಬರುತ್ತವೆ. ಹಾಗಾಗಿ ಮುಖ್ಯ ಅನ್ನಿಸಿದ್ದೆಲ್ಲ ಹೆಸರಲ್ಲೇ ಇರಬೇಕು. ಸರ್ವರನ್ನು ನಾಳೆ ಅಳಿಸಿ ಹಾಕಿದರೂ, ಡಿಸ್ಕನ್ನು ಬೇರೆ ಯಾವುದೋ ಕಂಪ್ಯೂಟರಿಗೆ ಸಿಕ್ಕಿಸಿದರೂ, ಫೈಲು ತಾನೇ ತನ್ನ ಪರಿಚಯ ಹೇಳಿಕೊಳ್ಳಬೇಕು.

ಸಿನಿಮಾ ವಿಷಯದಲ್ಲಿ ಇದು ಸುಲಭ. ಪ್ರತಿ ಸಿನಿಮಾಗೂ ಒಂದು ಫೋಲ್ಡರ್. ಫೋಲ್ಡರಿನ ಹೆಸರು ಸಿನಿಮಾದ ಹೆಸರು, ಪಕ್ಕದಲ್ಲಿ ಕಂಸದೊಳಗೆ ಇಸವಿ. ಒಳಗಿನ ಫೈಲಿಗೂ ಅದೇ ಹೆಸರು. ಇಸವಿ ಬಿಡಬೇಡಿ. ಒಂದೇ ಹೆಸರಿನ ಸಿನಿಮಾಗಳು ಬೇಕಾದಷ್ಟಿವೆ, ಇಸವಿ ಇಲ್ಲದಿದ್ದರೆ ಸರ್ವರ್ ಇನ್ಯಾವುದರದೋ ಪೋಸ್ಟರ್ ತಂದು ಅಂಟಿಸುತ್ತದೆ. ಹೆಸರಲ್ಲಿ ಕೋಲನ್, ಪ್ರಶ್ನೆ ಚಿಹ್ನೆ ಹಾಕಬೇಡಿ, ವಿಂಡೋಸ್ ಅವನ್ನು ಒಪ್ಪುವುದಿಲ್ಲ. ಧಾರಾವಾಹಿಗಾದರೆ ಸೀಸನ್ನಿಗೊಂದು ಫೋಲ್ಡರ್, ಕಂತಿಗೆ ಎಸ್01ಇ01 ಅನ್ನೋ ಗುರುತು. ಇದೆಲ್ಲ ಒಂದು ರಜೆಯ ದಿನ ಕೂತರೆ ಮುಗಿಯುವ ಕೆಲಸ.

ತಲೆ ಕೆಡಿಸುವುದು 4ಕೆ.

4ಕೆ ಅಂದರೆ 3840 ಅಡ್ಡ, 2160 ಉದ್ದ. ಒಟ್ಟು ಸುಮಾರು 83 ಲಕ್ಷ ಪಿಕ್ಸೆಲ್. 1080ಪಿ, ಅಂದರೆ ಫುಲ್ ಎಚ್‌ಡಿಯ ಸರಿಯಾಗಿ ನಾಲ್ಕು ಪಟ್ಟು. 2016ರಲ್ಲಿ ಬಂದ 4ಕೆ ಬ್ಲೂ-ರೇ ಡಿಸ್ಕ್‌ಗಳು 100 ಜಿಬಿವರೆಗೆ ಹಿಡಿಯುತ್ತವೆ. ಸೆಕೆಂಡಿಗೆ 80 ಮೆಗಾಬಿಟ್ ಇರುವ ಒಂದು ಸಿನಿಮಾ ತಗೊಳ್ಳಿ. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 10 ಮೆಗಾಬೈಟ್. ಎರಡು ಗಂಟೆಗೆ 72 ಜಿಬಿ. ಈ ಲೆಕ್ಕವನ್ನು ಒಮ್ಮೆ ಕೈಯಲ್ಲೇ ಮಾಡಿ ನೋಡುವುದು ಒಳ್ಳೆಯದು. ಡಿಸ್ಕ್ ಎಷ್ಟು ದಿನಕ್ಕೆ ತುಂಬುತ್ತದೆ ಅನ್ನೋದು ಅಲ್ಲೇ ಗೊತ್ತಾಗುತ್ತದೆ. ಇನ್ನೊಂದು ಸಂಗತಿಯೂ ಬಯಲಾಗುತ್ತದೆ. ತುಂಬಾ ಟಿವಿಗಳ ನೆಟ್‌ವರ್ಕ್ ಕೇಬಲ್ಲಿನ ಪೋರ್ಟ್ ಇವತ್ತಿಗೂ ಬರೀ 100 ಮೆಗಾಬಿಟ್ಟಿನದು. ಸರಾಸರಿ 80 ಇರುವ ಸಿನಿಮಾ ಒಂದು ಗಲಾಟೆಯ ದೃಶ್ಯ ಬಂದಾಗ ನೂರು ದಾಟುತ್ತದೆ. ಆಗ ಟಿವಿ ನಿಂತು ನಿಂತು ಓಡುತ್ತದೆ. ನಾನು ಎರಡು ವಾರ ಸರ್ವರನ್ನೇ ಅನುಮಾನಿಸುತ್ತಾ ಕೂತಿದ್ದೆ. ಕೇಬಲ್ ಕಿತ್ತು ಟಿವಿಯನ್ನು ವೈ-ಫೈಗೆ ಹಾಕಿದೆ, ಸರಿಹೋಯಿತು. ಕೇಬಲ್ಲಿಗಿಂತ ವೈ-ಫೈ ವೇಗವಾಗಿರುತ್ತದೆ ಅಂತ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಆದರೆ ಜೋಡಣೆಯ ರೀತಿಯನ್ನೇ ಬದಲಿಸಿದ್ದು ಅಮ್ಮನ ಕೋಣೆಯ ಟಿವಿ. ಅದು ಹಳೆಯದು, 1080ಪಿಯದು. ಒಂದು ಸಂಜೆ ಅಮ್ಮ ಕರೆದು ಕೇಳಿದಳು: "ಬಣ್ಣ ಎಲ್ಲ ಹೋಗ್ಬಿಟ್ಟಿದೆ ನೋಡೋ. ಒಗೆದು ಒಗೆದು ಮಾಸಿದ ಬಟ್ಟೆ ಥರ ಇದೆ. ಟಿವಿ ಕೆಟ್ಟೋಯ್ತಾ?" ಟಿವಿ ಕೆಟ್ಟಿರಲಿಲ್ಲ. ಅವಳು ಹಾಕಿದ್ದು ಎಚ್‌ಡಿಆರ್ ಇರುವ 4ಕೆ ಪ್ರತಿ. ಎಚ್‌ಡಿಆರ್ ವಿಡಿಯೊದಲ್ಲಿ ಬೆಳಕನ್ನೂ ಬಣ್ಣವನ್ನೂ ಅಳೆಯುವ ಅಳತೆಗೋಲೇ ಬೇರೆ. ಮಾಮೂಲಿ ವಿಡಿಯೊದಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲಿದ್ದರೆ ಎಚ್‌ಡಿಆರ್‌ನ ಮಾಮೂಲಿ ಬಗೆಯಾದ ಎಚ್‌ಡಿಆರ್10ರಲ್ಲಿ 1024. ಆ ಅಳತೆ ಗೊತ್ತಿಲ್ಲದ ಟಿವಿಗೆ ಅದನ್ನು ಹಾಗೇ ಕಳಿಸಿದರೆ ಚಿತ್ರ ಬೂದು ಬೂದಾಗುತ್ತದೆ. ಸರಿಯಾಗಿ ಕಾಣಬೇಕಾದರೆ ಸರ್ವರ್ ಪ್ರತಿ ಫ್ರೇಮನ್ನೂ ಬಿಚ್ಚಿ, ಬಣ್ಣ ಹೊಂದಿಸಿ, ಚಿಕ್ಕದು ಮಾಡಿ ಮತ್ತೆ ಕಟ್ಟಿ ಕಳಿಸಬೇಕು. ಬಣ್ಣ ಹೊಂದಿಸುವುದಕ್ಕೆ ಟೋನ್ ಮ್ಯಾಪಿಂಗ್ ಅಂತಾರೆ, ಬಿಚ್ಚಿ ಕಟ್ಟುವುದಕ್ಕೆ ಟ್ರಾನ್ಸ್‌ಕೋಡಿಂಗ್. ನನ್ನ ಹಳೇ ಪ್ರೊಸೆಸರಿಗೆ 4ಕೆಯಲ್ಲಿ ಅದನ್ನು ಮಾಡುವ ತ್ರಾಣವಿಲ್ಲ. ಫ್ಯಾನ್ ಜೋರಾಗಿ ಕೂಗುತ್ತದೆ, ಚಿತ್ರ ಮಾತ್ರ ಮುಂದೆ ಹೋಗುವುದಿಲ್ಲ.

ಅದಕ್ಕೇ ಈಗ 4ಕೆ ಸಿನಿಮಾಗಳಿಗೆ ಬೇರೆ ಫೋಲ್ಡರ್, ಬೇರೆ ಲೈಬ್ರರಿ. ಅಮ್ಮನ ಖಾತೆಗೆ ಆ ಲೈಬ್ರರಿ ಕಾಣುವುದೇ ಇಲ್ಲ. ಅವಳು ನೋಡುವ ಸಿನಿಮಾಗಳಿಗೆ 1080ಪಿಯ ಇನ್ನೊಂದು ಪ್ರತಿ ಇಟ್ಟಿದ್ದೇನೆ. ಒಂದೇ ಫೋಲ್ಡರಿನಲ್ಲಿ ಎರಡೂ ಪ್ರತಿ ಇಟ್ಟು, ಹೆಸರಿನ ಕೊನೆಗೆ ಒಂದು ಅಡ್ಡಗೆರೆ ಹಾಕಿ 2160ಪಿ, 1080ಪಿ ಅಂತ ಬರೆದರೆ ಜೆಲ್ಲಿಫಿನ್ ಎರಡನ್ನೂ ಒಂದೇ ಸಿನಿಮಾ ಅಂತ ತೋರಿಸುತ್ತದೆ. ಯಾವುದು ಬೇಕೋ ಆರಿಸಿಕೊಳ್ಳಬಹುದು. ನೋಡಲು ಅದೇ ಅಚ್ಚುಕಟ್ಟು, ನಾನೂ ಮೊದಲು ಹಾಗೇ ಮಾಡಿದ್ದೆ. ಆದರೆ ರಿಮೋಟ್ ಹಿಡಿದವರು ಆರಿಸಲಿ ಅಂತ ಬಿಡುವುದು ನನಗೆ ಸರಿ ಕಾಣಲಿಲ್ಲ. ಅಮ್ಮನಿಗೆ ಸಿನಿಮಾ ನೋಡಬೇಕು, ಅಷ್ಟೇ. ಯಾವ ಪ್ರತಿ ಅಂತ ಅವಳು ಯಾಕೆ ಯೋಚಿಸಬೇಕು, ಅಲ್ವಾ? ಎರಡನೇ ಪ್ರತಿಗೆ ಹೋಗುವ ಹತ್ತು ಜಿಬಿ ನನಗೆ ದಂಡ ಅನ್ನಿಸುವುದಿಲ್ಲ.

ಸಬ್‌ಟೈಟಲ್ಲಿನದೂ ಇದೇ ಪಾಠ. ಬ್ಲೂ-ರೇಯಿಂದ ಬರುವ ಸಬ್‌ಟೈಟಲ್ ಅಕ್ಷರವಲ್ಲ, ಚಿತ್ರ. ಅದನ್ನು ಓದಲು ಬಾರದ ಟಿವಿ ಇದ್ದರೆ ಸರ್ವರ್ ಆ ಚಿತ್ರವನ್ನು ವಿಡಿಯೊದ ಮೇಲೆ ಅಚ್ಚೊತ್ತಿ ಕಳಿಸಬೇಕಾಗುತ್ತದೆ. ಅಂದರೆ ಮತ್ತೆ ಟ್ರಾನ್ಸ್‌ಕೋಡಿಂಗ್. ಅಲ್ಲಿವರೆಗೂ ಸಲೀಸಾಗಿ ಓಡುತ್ತಿದ್ದ 4ಕೆ ಸಿನಿಮಾ ಸಬ್‌ಟೈಟಲ್ ಹಾಕಿದ ತಕ್ಷಣ ಮುಗ್ಗರಿಸಿದರೆ ಕಾರಣ ಹೆಚ್ಚಾಗಿ ಇದೇ. ಎಸ್‌ಆರ್‌ಟಿ ಅನ್ನೋ ಬಗೆಯ ಸಬ್‌ಟೈಟಲ್ ಫೈಲು ಬರೀ ಪಠ್ಯ. ಸಿನಿಮಾದ ಹೆಸರನ್ನೇ ಕೊಟ್ಟು, ಕೊನೆಗೆ ಭಾಷೆಯ ಗುರುತು ಸೇರಿಸಿ ಪಕ್ಕದಲ್ಲಿ ಇಟ್ಟರೆ ಕಾಟವೇ ಇಲ್ಲ.

ಫೈಲಿನ ಹೆಸರಲ್ಲಿ ಎಷ್ಟು ತುಂಬಬೇಕು ಅನ್ನೋದು ಆಮೇಲಿನ ಪ್ರಶ್ನೆ. ಕೋಡೆಕ್ (ವಿಡಿಯೊವನ್ನು ಕುಗ್ಗಿಸಿ ಕಟ್ಟುವ ವಿಧಾನ), ಆಡಿಯೊ, ಬಿಟ್‌ರೇಟ್, ಚಾನೆಲ್ ಎಷ್ಟು ಎಲ್ಲವನ್ನೂ ಚುಕ್ಕಿ ಹಾಕಿ ಉದ್ದಕ್ಕೆ ಬರೆಯುವವರಿದ್ದಾರೆ. ಅದು ಬೇಡ ಅನ್ನಿಸುತ್ತದೆ ನನಗೆ. ಫೈಲನ್ನು ತೆರೆದರೆ ಮೀಡಿಯಾಇನ್ಫೊ ಅನ್ನೋ ಪ್ರೋಗ್ರಾಂ ಅವನ್ನೆಲ್ಲ ಒಂದು ಕ್ಷಣದಲ್ಲಿ ಹೇಳುತ್ತದೆ. ಫೈಲೇ ಹೇಳಬಲ್ಲದ್ದನ್ನು ಹೆಸರಲ್ಲಿ ಮತ್ತೆ ಬರೆಯುವುದು ಯಾಕೆ? ನಾನು ಬರೆಯುವುದು ಎರಡೇ: 2160ಪಿ, ಮತ್ತೆ ಎಚ್‌ಡಿಆರ್ ಯಾವ ಜಾತಿಯದು ಅಂತ. ಇದಕ್ಕೆ ಕಾರಣವಿದೆ. ಡಾಲ್ಬಿ ವಿಷನ್ ಅನ್ನೋ ಇನ್ನೊಂದು ಬಗೆಯ ಎಚ್‌ಡಿಆರ್‌ನಲ್ಲಿ 5ನೇ ಪ್ರೊಫೈಲ್ ಅಂತ ಒಂದಿದೆ. ಅದರ ತಳದಲ್ಲಿ ಮಾಮೂಲಿ ಎಚ್‌ಡಿಆರ್10 ಇರುವುದಿಲ್ಲ. ಡಾಲ್ಬಿ ವಿಷನ್ ಗೊತ್ತಿಲ್ಲದ ಟಿವಿಯಲ್ಲಿ ಅದನ್ನು ಹಾಕಿದರೆ ಮುಖಗಳೆಲ್ಲ ಹಸಿರು, ನೇರಳೆ. ಹೆಸರಲ್ಲೇ ಗುರುತಿದ್ದರೆ ಹಾಕುವ ಮೊದಲೇ ಗೊತ್ತಾಗುತ್ತದೆ.

ಸಿನಿಮಾದ ಕಥಾಸಾರ, ಕಲಾವಿದರು, ನಾನು ಕೊಟ್ಟ ಟಿಪ್ಪಣಿ ಇವನ್ನೆಲ್ಲ ಹೆಸರಲ್ಲಿ ತುರುಕಲು ಆಗುವುದಿಲ್ಲ. ಅದಕ್ಕೆ ಎನ್‌ಎಫ್‌ಒ ಫೈಲ್ ಇದೆ. ಜೆಲ್ಲಿಫಿನ್ನಿನ ಲೈಬ್ರರಿ ಸೆಟ್ಟಿಂಗ್ಸ್‌ನಲ್ಲಿ ಒಂದು ಟಿಕ್ ಹಾಕಿದರೆ ವಿವರವನ್ನೆಲ್ಲ ಪಠ್ಯವಾಗಿ ಸಿನಿಮಾದ ಪಕ್ಕದಲ್ಲೇ ಬರೆದಿಡುತ್ತದೆ. ಕೋಡಿಯೂ ಅದನ್ನು ಓದುತ್ತದೆ. ಆ ಒಂದು ಟಿಕ್ ಮೊದಲೇ ಹಾಕಿದ್ದರೆ ಎಸ್‌ಎಸ್‌ಡಿ ಹೋದ ಬೆಳಿಗ್ಗೆ ನಾನು ಅಷ್ಟು ಒದ್ದಾಡಬೇಕಿರಲಿಲ್ಲ.

ಈಗ ಮನೆಯ ವಿಡಿಯೊಗಳಿಗೆ ಬರೋಣ. ನಾನು ಇದನ್ನು ಬರೆಯಲು ಕೂತದ್ದೇ ಇದಕ್ಕೆ.

ಸಿನಿಮಾಗೆ ಹೆಸರಿದೆ, ಇಸವಿ ಇದೆ, ವಿವರ ಹುಡುಕಲು ಜಗತ್ತೇ ಇದೆ. ಮನೆಯ ವಿಡಿಯೊಗೆ ಏನಿದೆ? ಫೋನ್ ಕೊಟ್ಟ ನಂಬರ್. ಅದರಲ್ಲಿರುವವರು ಯಾರು, ಎಲ್ಲಿ ತೆಗೆದದ್ದು ಅಂತ ನಾವು ನಾಲ್ಕೈದು ಜನ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಜೊತೆಗೆ ಅವು ಬೆಳೆಯುವ ವೇಗ ನೋಡಿ. ನನ್ನ ಫೋನಿನ ಸೆಟ್ಟಿಂಗ್ಸ್‌ನಲ್ಲೇ ಬರೆದಿದೆ, 4ಕೆಯಲ್ಲಿ ಸೆಕೆಂಡಿಗೆ 30 ಫ್ರೇಮಿದ್ದರೆ ನಿಮಿಷಕ್ಕೆ ಸುಮಾರು 170 ಎಂಬಿ, 60 ಇದ್ದರೆ 400. ಹತ್ತು ನಿಮಿಷದ ಆಟೋಟ ತೆಗೆದರೆ 4 ಜಿಬಿ.

ಹೆಸರಿಡುವ ಕ್ರಮ ಸರಳ. ಮೊದಲು ಇಸವಿ, ಆಮೇಲೆ ತಿಂಗಳು, ದಿನ, ಗಂಟೆ, ಕೊನೆಗೆ ಎರಡು ಮೂರು ಪದ. 2019-03-10 1742 ಪುಟ್ಟಿ ಈಜು. ಇಸವಿ ಮೊದಲು ಬರುವುದರಿಂದ ಹೆಸರಿನ ಪ್ರಕಾರ ಜೋಡಿಸಿದರೆ ಕಾಲದ ಪ್ರಕಾರವೇ ಜೋಡಣೆಯಾಗುತ್ತದೆ. 1988ರಲ್ಲೇ ಐಎಸ್‌ಒ 8601 ಅನ್ನೋ ಮಾನದಂಡದಲ್ಲಿ ಬಂದ ಕ್ರಮ ಇದು. ದಿನ ಮೊದಲು ಬರೆಯುವುದು ನಮಗೆ ರೂಢಿ, ಆದರೆ ಫೈಲಿನ ಹೆಸರಲ್ಲಿ ಹಾಗೆ ಮಾಡಿದರೆ ಹನ್ನೆರಡು ತಿಂಗಳ ಒಂದನೇ ತಾರೀಕುಗಳೆಲ್ಲ ಒಂದೇ ಕಡೆ ಗುಂಪುಗೂಡುತ್ತವೆ.

ಪದಗಳನ್ನು ಕನ್ನಡದಲ್ಲೇ ಬರೆಯುತ್ತೇನೆ. ಅಮ್ಮ ಓದಬೇಕಲ್ಲ. ಇದರಲ್ಲಿ ಎರಡು ಸಂಗತಿ ನೆನಪಿರಲಿ. ಲಿನಕ್ಸ್‌ನಲ್ಲಿ ಒಂದು ಫೈಲಿನ ಹೆಸರು ಸಾಮಾನ್ಯವಾಗಿ 255 ಬೈಟ್ ಮೀರುವಂತಿಲ್ಲ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ್ದು ಹಾಗಲ್ಲ. 'ಕ್ರಿ' ಅನ್ನೋದು ಕಣ್ಣಿಗೆ ಒಂದೇ ಅಕ್ಷರ, ಕಂಪ್ಯೂಟರಿಗೆ ಅದು ಕ, ಅರ್ಧಾಕ್ಷರದ ಚಿಹ್ನೆ, ರ, ಗುಡಿಸು, ಹೀಗೆ ನಾಲ್ಕು. ಒಂದೊಂದಕ್ಕೆ ಮೂರು ಬೈಟ್, ಒಟ್ಟು ಹನ್ನೆರಡು. ಉದ್ದುದ್ದ ಹೆಸರು ಕೊಟ್ಟರೆ ಕಾಪಿ ಆಗುವುದೇ ಇಲ್ಲ. ಎರಡನೆಯದು ಅಕ್ಷರಗಳನ್ನು ಬೇರೆ ಇಡುವ, ಕಣ್ಣಿಗೆ ಕಾಣದ ಚಿಹ್ನೆ. 'ಕ್ಯಾಮ್‌ನಲ್ಲಿ' ಅನ್ನುವ ಥರದ ಪದದಲ್ಲಿ ಒತ್ತಕ್ಷರ ಆಗದಿರಲಿ ಅಂತ ಕೀಬೋರ್ಡ್ ನಡುವೆ ಒಂದು ಅದೃಶ್ಯ ಚಿಹ್ನೆ ಹಾಕುತ್ತದೆ. ಹೆಸರಿಡುವಾಗ ಅದು ಬಿದ್ದು, ಹುಡುಕುವಾಗ ಬೀಳದಿದ್ದರೆ ಹುಡುಕಾಟದಲ್ಲಿ ಆ ಫೈಲ್ ಸಿಗುವುದಿಲ್ಲ. ಅದಕ್ಕೇ ಹೆಸರಲ್ಲಿ ಸುಮ್ನೆ ಮೂಲ ಪದಗಳನ್ನಷ್ಟೇ ಇಡುತ್ತೇನೆ. ಪುಟ್ಟಿ, ಈಜು, ಮಳೆ, ಅಪ್ಪ.

ದಿನಾಂಕ ಎಲ್ಲಿಂದ ತರುವುದು ಅನ್ನೋದು ನಿಜವಾದ ಕೆಲಸ. ಫೈಲ್ ಮ್ಯಾನೇಜರ್ ತೋರಿಸುವ ದಿನಾಂಕ ನಂಬಬೇಡಿ. ಎಷ್ಟೋ ಸಲ ಅದು ಕಾಪಿ ಮಾಡಿದ ದಿನ. ವಿಡಿಯೊ ಫೈಲಿನ ಒಳಗೆ ಬೇರೆಯೇ ಒಂದು ಸಮಯ ಬರೆದಿರುತ್ತದೆ, ಎಕ್ಸಿಫ್‌ಟೂಲ್ ಅನ್ನೋ ಪ್ರೋಗ್ರಾಂ ಅದನ್ನು ಓದುತ್ತದೆ. ಫೋನುಗಳು ಅದನ್ನು ಗ್ರೀನಿಚ್ ಸಮಯದಲ್ಲಿ ಬರೆಯುತ್ತವೆ. ಎಷ್ಟೋ ಕ್ಯಾಮೆರಾಗಳು ತಮ್ಮ ಗಡಿಯಾರ ಏನು ಹೇಳುತ್ತದೋ ಅದನ್ನೇ ಬರೆಯುತ್ತವೆ. ಒಂದೇ ಕ್ಷಣವನ್ನು ಫೋನಿನಲ್ಲೂ ಕ್ಯಾಮೆರಾದಲ್ಲೂ ತೆಗೆದರೆ ಎರಡು ವಿಡಿಯೊಗಳ ನಡುವೆ ಗಂಟೆಗಟ್ಟಲೆ ಅಂತರ. ಗ್ರೀನಿಚ್‌ಗಿಂತ ಮುಂದಿರುವ ಊರಲ್ಲಿ ನಸುಕಿನಲ್ಲಿ ತೆಗೆದದ್ದು ಹಿಂದಿನ ದಿನಕ್ಕೆ ಹೋಗಿ ಕೂರುತ್ತದೆ.

1904 ಬಂದದ್ದು ಹೀಗೆ. ಎಂಪಿ4 ಫೈಲಿನ ಒಳಗೆ ಸಮಯವನ್ನು 1904ರ ಜನವರಿ 1ರಿಂದ ಎಷ್ಟು ಸೆಕೆಂಡಾಯಿತು ಅಂತ ಎಣಿಸಿ ಬರೆಯುತ್ತಾರೆ. ಹಳೇ ಮ್ಯಾಕಿಂಟಾಷ್ ಗಡಿಯಾರದ ಎಣಿಕೆ ಅದು. ಆಪಲ್‌ನ ವಿಡಿಯೊ ಮಾದರಿಯಾದ ಕ್ವಿಕ್‌ಟೈಮ್‌ಗೆ ಬಂತು, ಅಲ್ಲಿಂದ ಎಂಪಿ4ಗೆ ಬಂತು. ಯಾವುದಾದರೂ ಆ್ಯಪ್ ವಿಡಿಯೊವನ್ನು ಕುಗ್ಗಿಸಿ ಕಳಿಸುವಾಗ ಸಮಯವನ್ನು ಬರೆಯದೆ ಬಿಟ್ಟರೆ ಅಲ್ಲಿ ಸೊನ್ನೆ ಉಳಿಯುತ್ತದೆ. ಸೊನ್ನೆ ಸೆಕೆಂಡು ಅಂದರೆ 1904. ಸೈಕಲ್ಲಿನ ವಿಡಿಯೊ ಅಮ್ಮ ತೆಗೆದು ನನಗೆ ಚಾಟ್‌ನಲ್ಲಿ ಕಳಿಸಿದ್ದು. ಮೂಲ ಅವಳ ಹಳೇ ಫೋನಿನ ಜೊತೆ ಹೋಯಿತು. ನಮ್ಮಲ್ಲಿ ಉಳಿದಿರುವುದು ಆ ಕುಗ್ಗಿದ 6 ಎಂಬಿ ಮಾತ್ರ.

ಆ್ಯಕ್ಷನ್ ಕ್ಯಾಮೆರಾದ್ದು ಇನ್ನೊಂದು ಗೋಳು. ಒಂದು ಫೈಲ್ 4 ಜಿಬಿ ಆಗುತ್ತಲೇ ನನ್ನದು ಮುಂದಿನ ತುಂಡು ಶುರುಮಾಡುತ್ತದೆ. ಮೊದಲ ತುಂಡಿನ ಹೆಸರು ಜಿಎಕ್ಸ್010123, ಎರಡನೆಯದು ಜಿಎಕ್ಸ್020123. ಇಲ್ಲಿ 0123 ಅನ್ನೋದು ವಿಡಿಯೊದ ಸಂಖ್ಯೆ, ಅದರ ಮುಂದಿನ 01, 02 ತುಂಡಿನ ಸಂಖ್ಯೆ. ಹೆಸರಿನ ಪ್ರಕಾರ ಜೋಡಿಸಿದರೆ ಎಲ್ಲ ವಿಡಿಯೊಗಳ ಮೊದಲ ತುಂಡುಗಳು ಒಟ್ಟಿಗೆ, ಆಮೇಲೆ ಎರಡನೇ ತುಂಡುಗಳು. ಬೆಟ್ಟ ಹತ್ತುವುದು ಒಂದು ಕಡೆ, ತುದಿ ತಲುಪುವುದು ಎಲ್ಲೋ ಕೆಳಗೆ. ನಾನೀಗ ಕಾರ್ಡಿನಿಂದ ಇಳಿಸಿದ ದಿನವೇ ಎಫ್‌ಎಫ್‌ಎಂಪೆಗ್ ಅನ್ನೋ ಪ್ರೋಗ್ರಾಂನಲ್ಲಿ ತುಂಡುಗಳನ್ನು ಸೇರಿಸಿಬಿಡುತ್ತೇನೆ. ಮತ್ತೆ ಎನ್‌ಕೋಡ್ ಮಾಡದೆ ಬರೀ ಸೇರಿಸುವುದು ಅದಕ್ಕೆ ಬರುತ್ತದೆ, ಗುಣಮಟ್ಟ ಒಂಚೂರೂ ಇಳಿಯುವುದಿಲ್ಲ.

ಜಾಗ ಉಳಿಸಲು ಹಳೇ ವಿಡಿಯೊಗಳನ್ನು ಹೊಸ ಕೋಡೆಕ್‌ಗೆ ಬದಲಿಸಬಹುದಲ್ಲ ಅಂತ ಗೆಳೆಯರು ಕೇಳುತ್ತಾರೆ. ಎಚ್.264 ಬಂದದ್ದು 2003ರಲ್ಲಿ, ಎಚ್‌ಇವಿಸಿ 2013ರಲ್ಲಿ, ಎವಿ1 2018ರಲ್ಲಿ. ಒಂದಕ್ಕಿಂತ ಒಂದು ಚಿಕ್ಕದಾಗಿ ಕಟ್ಟುತ್ತದೆ ನಿಜ. ಡಿಸ್ಕಿನಿಂದ ತೆಗೆದ ಸಿನಿಮಾಗೆ ಬೇಕಾದರೆ ಮಾಡಿ. ಮನೆಯ ವಿಡಿಯೊದ ಮೂಲ ಪ್ರತಿಗೆ ನಾನು ಕೈ ಹಚ್ಚುವುದಿಲ್ಲ. ಪ್ರತಿ ಸಲ ಬದಲಿಸಿದಾಗಲೂ ಸ್ವಲ್ಪ ಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ.

ಬ್ಯಾಕಪ್ಪಿನಲ್ಲೂ ಅದೇ ಭೇದ. 72 ಜಿಬಿಯ ಸಿನಿಮಾ ಹೋದರೆ ಕಪಾಟಿನಲ್ಲಿ ಡಿಸ್ಕ್ ಇದೆ. 6 ಎಂಬಿಯ ಸೈಕಲ್ ಹೋದರೆ ಹೋಯಿತು. ಸಿನಿಮಾಗಳಿಗೆ ನಾನು ಬ್ಯಾಕಪ್ಪೇ ಇಟ್ಟಿಲ್ಲ. ಮನೆಯ ವಿಡಿಯೊಗಳಿಗೆ ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಮನೆಯಿಂದ ಹೊರಗೆ. ಒಂದು ಡಿಸ್ಕ್ ಹೋದರೂ ಡೇಟಾ ಉಳಿಯುವಂತೆ ಹಲವು ಡಿಸ್ಕ್‌ಗಳನ್ನು ಒಟ್ಟಿಗೆ ಕಟ್ಟುವ ರೇಡ್ ಇದೆಯಲ್ಲ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಡಿಸ್ಕ್ ಕೆಟ್ಟಾಗ ರೇಡ್ ಕಾಯುತ್ತದೆ, ಕೈತಪ್ಪಿ ಅಳಿಸಿದಾಗ ಎಲ್ಲ ಡಿಸ್ಕಿನಿಂದಲೂ ಒಟ್ಟಿಗೆ ಅಳಿಸುತ್ತದೆ. ಪ್ರತಿ ಇಸವಿಯ ಫೋಲ್ಡರಿನಲ್ಲೂ ಒಂದು ಪಠ್ಯ ಫೈಲ್ ಇಟ್ಟಿದ್ದೇನೆ, ಅದರಲ್ಲಿ ಪ್ರತಿ ವಿಡಿಯೊದ ಎಸ್‌ಎಚ್‌ಎ-256 ಮೊತ್ತ, ಅಂದರೆ ಫೈಲಿನ ಒಳಗಿರುವುದನ್ನೆಲ್ಲ ಲೆಕ್ಕಹಾಕಿ ತೆಗೆದ, ಬೆರಳಚ್ಚಿನಂಥ ಸಂಖ್ಯೆ. ಒಂದು ಬಿಟ್ ಬದಲಾದರೂ ಆ ಮೊತ್ತ ತಾಳೆಯಾಗುವುದಿಲ್ಲ. ಮೂರು ತಿಂಗಳಿಗೊಮ್ಮೆ ಮೂರೂ ಪ್ರತಿಗಳ ಮೇಲೆ ಓಡಿಸಿ ನೋಡುತ್ತೇನೆ. ಡೇಟಾಬೇಸಿನ ಬ್ಯಾಕಪ್ ಕೂಡ ಈಗ ರಾತ್ರಿ ತಾನಾಗೇ ಆಗುತ್ತದೆ.

ಇಷ್ಟೆಲ್ಲ ಆದ ಮೇಲೂ ದಿನಾಂಕ ಗೊತ್ತಿಲ್ಲದ ವಿಡಿಯೊಗಳು ಒಂದಷ್ಟು ಉಳಿದವು. ಅವಕ್ಕೆ ಅಂದಾಜಿನ ದಿನಾಂಕ ಬರೆಯಲು ಮನಸ್ಸಾಗಲಿಲ್ಲ. 'ದಿನ ಗೊತ್ತಿಲ್ಲ' ಅಂತ ಒಂದು ಫೋಲ್ಡರ್ ಮಾಡಿ ಹಾಕಿದೆ. ಭಾನುವಾರ ಮಧ್ಯಾಹ್ನ ಅಮ್ಮನ ಪಕ್ಕ ಕೂತು ನಾಲ್ಕೈದು ಹಾಕುತ್ತೇನೆ. ನೋಡುವಾಗ ಅವಳ ಕಣ್ಣು ಜನರ ಮೇಲಿರುವುದಕ್ಕಿಂತ ಹಿಂದಿನ ವಸ್ತುಗಳ ಮೇಲೆ ಜಾಸ್ತಿ ಇರುತ್ತದೆ. "ನಿಲ್ಸು, ಆ ಪರದೆ ಬಟ್ಟೆ ನಾವು ಆಮೇಲೆ ತೆಗೆದುಬಿಟ್ವಿ" ಅಂತಾಳೆ. "ಗೋಡೆಗೆ ಇನ್ನೂ ಹಳೇ ಬಣ್ಣ ಇದೆ ನೋಡು."

ಸೈಕಲ್ಲಿನ ವಿಡಿಯೊ ಮೂರು ಸಲ ನೋಡಿದಳು. ಮೂರನೇ ಸಲ ಚೈನ್ ಕೂತ ತಕ್ಷಣ ಮಗಳು ತಿರುಗಿ ನಗುವ ಕಡೆ ನಿಲ್ಲಿಸಲು ಹೇಳಿದಳು. "ಮುಂದಿನ ಹಲ್ಲು ಇಲ್ಲ." 2017ರ ಫೋಲ್ಡರ್ ತೆರೆದೆವು. ಮೇ 21ರ ಒಂದು ವಿಡಿಯೊದಲ್ಲಿ ಮಗಳು ಆ ಹಲ್ಲನ್ನು ನಾಲಿಗೆಯಿಂದ ಅಲುಗಾಡಿಸಿ ತೋರಿಸುತ್ತಾಳೆ. ಆಗಸ್ಟಿನದರಲ್ಲಿ ಅದೇ ಜಾಗದಲ್ಲಿ ಹೊಸ ಹಲ್ಲು ಅರ್ಧ ಬಂದಿದೆ. ಹಾಗಾದರೆ ನಡುವಿನ ಯಾವುದೋ ದಿನ. ತಾರೀಕಿನ ಜಾಗ ಖಾಲಿ ಬಿಟ್ಟು ಹೆಸರು ಬದಲಿಸಿದೆ: 2017 ಜೂನ್-ಜುಲೈ, ಅಪ್ಪ, ಪುಟ್ಟಿ, ಸೈಕಲ್ ಚೈನ್.

'ದಿನ ಗೊತ್ತಿಲ್ಲ' ಫೋಲ್ಡರಿನಲ್ಲಿ ಇನ್ನು 38 ಇವೆ.